ಮುಕ್ಕಾಲು ಅಳತೆಯ ಉಳಿತಾಯ

ಐನೂರು ಗಜ ದೂರದಲ್ಲಿ ತೂಗುಬಿಟ್ಟ ಕಬ್ಬಿಣದ ಗಂಟೆಯನ್ನು ಒಂದೇ ಏಟಿಗೆ ಬಾರಿಸಿದರೆ ಇನ್ನೂ ಹತ್ತು ಸಲ ಮದ್ದು ತುಂಬಿಸಿಕೊಳ್ಳುವ ಭಾಗ್ಯ, ತಪ್ಪಿದರೆ ಗುಜರಿ ಡಬ್ಬಿ. ಮ್ಯಾಗ್ನಮ್ ಎಂಬ ಭಾರಿ ರೈಫಲ್ಲಿನ ಖಾಲಿ ತೋಟಾಕ್ಕೆ, ಅಂದರೆ ಮದ್ದು-ಗುಂಡು ಹೊರುವ ಹಿತ್ತಾಳೆಯ ಕೊಳವೆಗೆ, ಯಜಮಾನ ಹಾಕಿದ ಕರಾರು ಇಷ್ಟೇ. ಮದ್ದನ್ನು ಆರಿಸಿಕೊಳ್ಳುವುದು ತೋಟಾದ ಪಾಲಿಗೆ ಬಂತು. ಅದರ ಹೊಟ್ಟೆ ದೊಡ್ಡದು, ಕೈ ಮಾತ್ರ ಬಹಳ ಬಿಗಿ.

ಮೊದಲು ಬಂದದ್ದು ನಿಧಾನವಾಗಿ ಉರಿಯುವ ಮದ್ದು. "ಕತ್ತಿನವರೆಗೂ ತುಂಬಿಸಿಕೊಳ್ಳಿ ಸ್ವಾಮಿ. ಗುಂಡನ್ನು ನಳಿಗೆಯ ಕೊನೆಯವರೆಗೂ ತಳ್ಳಿಕೊಂಡು ಹೋಗಿ ಬಿಟ್ಟುಬರುತ್ತೇನೆ," ಎಂದಿತು.

"ಕತ್ತಿನವರೆಗೂ! ನಾನೇನು ಇಲ್ಲಿ ಮದುವೆ ಊಟ ಹಾಕಿಸುತ್ತಿದ್ದೇನೆಯೇ?" ಎಂದಿತು ತೋಟಾ.

ಪಿಸ್ತೂಲಿಗೆಂದು ತಂದಿದ್ದ ಚುರುಕು ಮದ್ದು ಮುಂದೆ ಬಂದು ಕೈಮುಗಿಯಿತು. "ಧಣಿ, ನನಗೆ ಕಾಲು ಅಳತೆ ಸಾಕು. ಕಣ್ಣು ಮಿಟುಕಿಸುವಷ್ಟರಲ್ಲಿ ಕೆಲಸ ಪೂರ್ತಿ."

"ಇದಪ್ಪಾ ವ್ಯವಹಾರ!" ಎಂದು ತೋಟಾ ಅದನ್ನೇ ಒಳಗೆ ಕರೆದುಕೊಂಡಿತು.

ತೋಟಾದ ಬಾಯಲ್ಲಿ ಕೂರಬೇಕಾಗಿದ್ದ ಭಾರದ ಗುಂಡು ಗೊಣಗಿತು. "ಅಣ್ಣಾ, ನನ್ನದು ದಪ್ಪ ಮೈ. ಎದ್ದು ಹೊರಡಲು ಹೊತ್ತು ಬೇಕು. ಇವನು ಕಾಯುವವನಲ್ಲ."

"ಕೂಲಿಯವನು ಬೇಗ ಮುಗಿಸಿದರೆ ನಿನಗೇನಪ್ಪಾ ನಷ್ಟ? ಸುಮ್ಮನೆ ಕೂತುಕೋ."

ಯಜಮಾನ ಟ್ರಿಗರ್ ಒತ್ತಿದ. ಚುರುಕು ಮದ್ದು ಕೊಟ್ಟ ಮಾತಿಗೆ ತಪ್ಪಲಿಲ್ಲ. ಗುಂಡು ಮೈಮುರಿದು ಏಳುವ ಮೊದಲೇ ಅದು ಪೂರ್ತಿ ಉರಿದು ಮುಗಿದಿತ್ತು. ಮುಂದೆ ದಾರಿ ಸಿಗದ ರಭಸ ಹಿಂದಕ್ಕೆ ತಿರುಗಿ ತೋಟಾದ ಬುಡವನ್ನೂ ಹೊಟ್ಟೆಯನ್ನೂ ಸೀಳಿತು. ಗುಂಡು ಅರ್ಧ ದಾರಿಯಲ್ಲಿ ಮಣ್ಣು ಮುಕ್ಕಿತು. ಗಂಟೆ ತುಟಿ ಬಿಚ್ಚಲಿಲ್ಲ.

ಗುಜರಿ ಡಬ್ಬಿಯೊಳಗೆ ಬಿದ್ದ ತೋಟಾ ಲೆಕ್ಕ ಹಾಕಿತು. ಉಳಿದದ್ದು ಮುಕ್ಕಾಲು ಅಳತೆ ಮದ್ದು. ಅದನ್ನು ತುಂಬಿಸಿಕೊಳ್ಳಲು ಬೇಕಾದ ಹೊಟ್ಟೆಯೊಂದನ್ನು ಬಿಟ್ಟರೆ ಲಾಭಕ್ಕೆ ಯಾವ ಕೊರತೆಯೂ ಇರಲಿಲ್ಲ.