ನಕ್ಷತ್ರ ಹಿಡಿದ ಮುದುಕಪ್ಪ

ಒಬ್ಬ ಹುಡುಗ ಇದ್ದ. ಹೆಸರು ಮುದುಕಪ್ಪ, ಆದರೆ ಮೀಸೆ ಆಗಷ್ಟೇ ಚಿಗುರಿತ್ತು. ರಾಣೆಬೆನ್ನೂರಿನ ಮಗ್ಗುಲ ಹಳ್ಳಿಯವನು. ಅಪ್ಪ ಇರಲಿಲ್ಲ. ಅವ್ವ ಹೊನ್ನವ್ವ ಮದುವೆ ಮನೆಗಳಲ್ಲಿ ಅಡುಗೆ ಮಾಡಿ ಮಗನನ್ನು ಬೆಳೆಸಿದ್ದಳು. ಹುಡುಗ ಕೆಟ್ಟವನಲ್ಲ, ಮೈಗಳ್ಳನೂ ಅಲ್ಲ. ಹೇಳಿದ ಮಾತು ಮೀರುತ್ತಿರಲಿಲ್ಲ. ತೊಂದರೆ ಇದ್ದದ್ದೇ ಅಲ್ಲಿ. ಹೇಳಿದ್ದನ್ನು ಮಾಡುತ್ತಿದ್ದ, ಹೇಳಿದಷ್ಟೇ ಮಾಡುತ್ತಿದ್ದ, ಹೇಳಿದ ಹಾಗೇ ಮಾಡುತ್ತಿದ್ದ.

ಒಂದು ದಿನ ಹೊನ್ನವ್ವ ಒಲೆಯ ಮೇಲೆ ಹಾಲಿಟ್ಟು, ಉಕ್ಕುತ್ತದೇನೋ ನೋಡುತ್ತಿರು ಅಂತ ಹೇಳಿ ನೀರಿಗೆ ಹೋದಳು. ತಿರುಗಿ ಬರುವಷ್ಟರಲ್ಲಿ ಹಾಲೆಲ್ಲ ಒಲೆಯ ಪಾಲಾಗಿತ್ತು. ಮುದುಕಪ್ಪ ಎದುರಿಗೇ ಕುಕ್ಕರುಗಾಲಲ್ಲಿ ಕೂತಿದ್ದ. ನೋಡಿದೆಯೇನೋ ಅಂದರೆ, ನೋಡಿದೆ ಅಂದ. ಮೊದಲು ಈ ಕಡೆಯಿಂದ ಉಕ್ಕಿತು, ಆಮೇಲೆ ಆ ಕಡೆಯಿಂದ ಉಕ್ಕಿತು ಅಂತ ಬಿಡಿಸಿ ಹೇಳಿದ.

ಹೊನ್ನವ್ವ ಹಣೆ ಬಡಿದುಕೊಂಡಳು. "ಬರೇ ನೋಡಿದ್ರ ಏನ್ ಬಂತೋ? ಉಕ್ಕಿ ಬಂತಂದ್ರ ತಣ್ಣೀರು ಚಿಮುಕಸ್ಬೇಕು. ತಿಳೀತಿಲ್ಲೋ?"

"ತಿಳೀತವ್ವಾ," ಅಂದ ಮುದುಕಪ್ಪ. ಅವನಿಗೆ ಯಾವಾಗಲೂ ತಿಳಿಯುತ್ತಿತ್ತು.

ಹೊನ್ನವ್ವನಿಗೆ ಒಂದೇ ಚಿಂತೆ. ತಾನಿರುವ ತನಕ ಸರಿ, ತಾನು ಕಣ್ಣು ಮುಚ್ಚಿದ ಮೇಲೆ ಇವನನ್ನು ಯಾರು ಇಟ್ಟುಕೊಳ್ಳುತ್ತಾರೆ? ಅವಳ ತಮ್ಮ ಗದಿಗೆಪ್ಪ ಊರೂರು ತಿರುಗಿ ಲೈಟಿಂಗ್ ಮಾಡುವವನು. ಮದುವೆ ಮನೆಗೆ, ಗಣಪತಿ ಪೆಂಡಾಲಿಗೆ ಅವನೇ ಬೇಕು. ಆ ವರ್ಷ ಅವನಿಗೆ ಹಿಮಾಚಲದ ಬೆಟ್ಟದ ಮೇಲಿಂದ ಕರೆ ಬಂತು. ಕರೆದವರು ಸುಬೇದಾರ ವೀರನಗೌಡರು. ಗದಗಿನ ಕಡೆಯವರು, ಮಿಲಿಟರಿ ಬಿಟ್ಟ ಮೇಲೆ ಅಲ್ಲಿನ ಹೆಣ್ಣನ್ನೇ ಮದುವೆಯಾಗಿ, ಪ್ರವಾಸಿಗರಿಗೆಂದು ಗೆಸ್ಟ್ ಹೌಸ್ ಕಟ್ಟಿಕೊಂಡು ಅಲ್ಲೇ ನಿಂತವರು. ಕ್ರಿಸ್‌ಮಸ್‌ಗೆ ಮನೆ ತುಂಬ ಅತಿಥಿಗಳು ಬರುವವರಿದ್ದರು. ಇಲ್ಲಿನವರು ಎರಡು ದೀಪದ ಸರ ಜೋತುಹಾಕಿ ಹೋಗುತ್ತಾರೆ, ನನ್ನ ಮನೆ ನಮ್ಮ ಕಡೆಯ ಗಣಪತಿ ಹಬ್ಬದ ಹಾಗೆ ಝಗಮಗ ಅನ್ನಬೇಕು ಅಂತ ಅವರ ಹಟ.

ಹೊನ್ನವ್ವ ತಮ್ಮನ ಮುಂದೆ ಸೆರಗೊಡ್ಡಿದಳು. ನಿನ್ನ ಆಳುಗಳಿಗೆ ನಾನು ಅಡುಗೆ ಮಾಡಿ ಹಾಕುತ್ತೇನೆ, ಇವನನ್ನು ಕೆಲಸಕ್ಕೆ ಹಚ್ಚು ಅಂದಳು. ಗದಿಗೆಪ್ಪ ಬಹಳ ಹೊತ್ತು ತಲೆ ಕೆರೆದುಕೊಂಡ. ಇದೊಂದು ಸಲ ನೋಡೋಣ, ಅಲ್ಲಿ ನನ್ನ ಮಾನ ಕಳೆದರೆ ಮುಂದೆ ನನ್ನನ್ನು ಕೇಳಬೇಡ ಅಂದ.

ರೈಲಿಳಿದು ಬೆಟ್ಟದ ಬಸ್ಸು ಹತ್ತಿದರು. ಅರ್ಧ ದಾರಿಯಲ್ಲಿ ಗೊತ್ತಾಯಿತು, ಬಲ್ಬಿನ ಒಂದು ಪೆಟ್ಟಿಗೆಯನ್ನು ಆಳುಗಳು ಸ್ಟೇಷನ್ನಿನಲ್ಲೇ ಮರೆತು ಬಂದಿದ್ದಾರೆ. ಗದಿಗೆಪ್ಪ ಹಲ್ಲು ಕಡಿದ. "ಅಕ್ಕಾ, ನನಗ ಸಿಟ್ಟು ಉಕ್ಕಿ ಬರಾಕತ್ತೈತಿ ನೋಡು," ಅಂದ.

ಉಕ್ಕಿ ಬರುತ್ತಿದೆ ಅನ್ನುವುದು ಮುದುಕಪ್ಪನ ಕಿವಿಗೆ ಬಿತ್ತು. ಕೈಯಲ್ಲಿದ್ದ ನೀರಿನ ಬಾಟಲಿಯ ಮುಚ್ಚಳ ತೆಗೆದ. ಮಾಮನ ಮುಖದ ಮೇಲೆ ಚಿಮುಕಿಸಿದ. ಉಕ್ಕುವುದು ನಿಲ್ಲುವ ಹಾಗೆ ಕಾಣಲಿಲ್ಲ, ಮತ್ತಷ್ಟು ಚಿಮುಕಿಸಿದ. ಕಿಟಕಿಯಾಚೆ ಹಿಮ ಬೀಳುತ್ತಿತ್ತು. ಗದಿಗೆಪ್ಪನ ಹಲ್ಲು ಕಟಕಟ ಅಂದವು.

ಹೊನ್ನವ್ವ ತನ್ನ ಶಾಲು ಬಿಚ್ಚಿ ತಮ್ಮನಿಗೆ ಹೊದಿಸುತ್ತ ಮಗನನ್ನು ಬೈದಳು. ಇದು ಚಳಿಯ ದೇಶ. ಇಲ್ಲಿ ಯಾರೇ ಚಳಿಯಲ್ಲಿ ನಿಂತದ್ದು ಕಂಡರೂ ನೀರು ಹಾಕಬಾರದು, ಬೆಚ್ಚಗೆ ಹೊದಿಸಬೇಕು, ಬೆಂಕಿ ಹತ್ತಿರ ಇಡಬೇಕು ಅಂದಳು. ಮುದುಕಪ್ಪ ತಿಳೀತವ್ವಾ ಅಂದ.

ಸುಬೇದಾರರಿಗೆ ಪುಟ್ಟ ಮೊಮ್ಮಗಳೊಬ್ಬಳಿದ್ದಳು, ಮುನ್ನಿ ಅಂತ. ಅವಳು ಅಂಗಳದಲ್ಲಿ ಬೆಳಗಿನಿಂದ ಹಿಮ ಒಟ್ಟಿ ಒಟ್ಟಿ ಒಂದು ಗೊಂಬೆ ಮಾಡಿದ್ದಳು. ಅದಕ್ಕೆ ಕಲ್ಲಿನ ಕಣ್ಣು, ಗಜ್ಜರಿಯ ಮೂಗು, ತಲೆಗೆ ತಾತನ ಟೊಪ್ಪಿಗೆ. ಮಗು ಊಟಕ್ಕೆ ಒಳಗೆ ಹೋಗಿತ್ತು. ಮುದುಕಪ್ಪ ಹೊರಗೆ ಬಂದು ನೋಡಿದ. ಪಾಪ, ಒಬ್ಬನೇ ನಿಂತಿದ್ದಾನೆ, ಮೈಮೇಲೆ ಒಂದು ಅಂಗಿಯೂ ಇಲ್ಲ. ಒಳಗಿಂದ ದಪ್ಪ ರಗ್ಗು ತಂದು ಹೊದಿಸಿದ. ಅಡುಗೆ ಮನೆಯಿಂದ ಕೆಂಡ ತುಂಬಿದ ಅಗ್ಗಿಷ್ಟಿಕೆ ತಂದು ಕಾಲಬುಡಕ್ಕೇ ಇಟ್ಟ. ಎದುರಿಗೆ ಕೂತು, ಈಗ ಹ್ಯಾಂಗೈತಿ ಅಂತ ಕೇಳಿದ.

ಮುನ್ನಿ ಬಂದಾಗ ಒದ್ದೆ ರಗ್ಗು, ಟೊಪ್ಪಿಗೆ, ಗಜ್ಜರಿ ಅಷ್ಟೇ ಉಳಿದಿದ್ದವು. ಮಗು ಅಳತೊಡಗಿತು. ಅದರ ಪಕ್ಕ ಕೂತು ಮುದುಕಪ್ಪನೂ ಅತ್ತ. ಅಷ್ಟು ಬೆಚ್ಚಗಿಟ್ಟರೂ ಅವನು ಎದ್ದು ಹೋದನಲ್ಲ ಅಂತ ಅವನ ದುಃಖ.

ಹೊನ್ನವ್ವ ಮಗುವನ್ನು ಎತ್ತಿಕೊಂಡು ಸಮಾಧಾನ ಮಾಡಿ, ಮಗನನ್ನು ಮೂಲೆಗೆ ಕರೆದಳು. "ಇದು ನಮ್ಮ ಮನಿ ಅಲ್ಲಪಾ. ಮಂದಿ ಸಾಮಾನ ಅವರನ್ನ ಕೇಳದ ಮುಟ್ಟಬ್ಯಾಡ. ಅವರು ಹೂಂ ಅಂದ ಮ್ಯಾಲೇ ಮುಟ್ಟು."

"ತಿಳೀತವ್ವಾ."

ಮರುದಿನ ಬೆಳಿಗ್ಗೆ ಗದಿಗೆಪ್ಪ ಏಣಿ ಹತ್ತಿ ಸೂರಿನಂಚಿಗೆ ಸರ ಕಟ್ಟುತ್ತಿದ್ದ. ಕೆಳಗೆ ಹಿಮ ಜರಿದು ಏಣಿಯ ಕಾಲು ಸರಿಯಿತು. ಅವನು ಸೂರು ಹಿಡಿದುಕೊಂಡು, ಏಣಿ ಹಿಡಿಯೋ ಅಂತ ಕೂಗಿದ. ಮುದುಕಪ್ಪ ಕೈ ಚಾಚಿದವನು ನಿಂತ. ಏಣಿ ಯಾರದು? ರೈಲಿನಲ್ಲಿ ಏಣಿ ತರಲಾಗದೆ ಸುಬೇದಾರರದ್ದೇ ಇಸಕೊಂಡದ್ದು. ಕೇಳಬೇಕಲ್ಲ. ಓಡಿದ.

ಸುಬೇದಾರರು ಬಚ್ಚಲಲ್ಲಿದ್ದರು. ಹಿರಿಯರು, ಬಾಗಿಲು ಬಡಿಯುವುದು ಹೇಗೆ? ಕೈಕಟ್ಟಿ ನಿಂತ. ಅವರು ಟವೆಲ್ ಸುತ್ತಿಕೊಂಡು ಹೊರಗೆ ಬಂದ ಮೇಲೆ, "ಗೌಡ್ರ, ನಿಮ್ಮ ಏಣಿ ಮುಟ್ಟಲೇನ್ರಿ?" ಅಂದ. ಮುಟ್ಟಪಾ, ಅದಕ್ಕೇನು ಕೇಳುತ್ತಿ ಅಂದರು ಅವರು.

ಹಿಗ್ಗಿನಿಂದ ವಾಪಸು ಓಡಿ ಬಂದ. ಏಣಿ ನೆಲದ ಮೇಲೆ ಮಲಗಿತ್ತು. ಮಾಮ ಹಿಮದಲ್ಲಿ ಸೊಂಟದ ತನಕ ಹೂತಿದ್ದ. ಮುದುಕಪ್ಪ ಬಗ್ಗಿ, ಮಲಗಿದ ಏಣಿಯನ್ನು ಎರಡೂ ಕೈಯಲ್ಲಿ ಭದ್ರವಾಗಿ ಹಿಡಿದ.

ಗದಿಗೆಪ್ಪನ ಕಾಲು ಉಳುಕಿತ್ತು. ಹೊನ್ನವ್ವ ಬಿಸಿ ಎಣ್ಣೆ ತಿಕ್ಕುತ್ತಿದ್ದರೆ ಅವನು ಅಳಿಯನಿಗೆ ಒಂದೇ ಮಾತು ಹೇಳಿದ. ಹಿಡಿ ಅಂದರೆ ಹಿಡಿಯಬೇಕು, ಯಾರನ್ನೂ ಕೇಳಬಾರದು, ಬಿಡು ಅನ್ನುವ ತನಕ ಬಿಡಬಾರದು. ಆಮೇಲೆ ಅಕ್ಕನ ಕಡೆ ತಿರುಗಿದ. "ನಾಳೆ ಇವನನ್ನ ಕರಕೊಂಡು ಬಸ್ ಹತ್ತಿಬಿಡು. ನನ್ನ ಕಡೆಯಿಂದ ಆಗೂದಿಲ್ಲಕ್ಕಾ."

ಹೊನ್ನವ್ವ ತಿಕ್ಕುವುದನ್ನು ಮುಗಿಸಿ ರೊಟ್ಟಿ ಬಡಿಯಲು ಹೋದಳು.

ಅತಿಥಿಗಳು ಬರುವುದು ಅವತ್ತೇ ಸಂಜೆ. ಆಳುಗಳಿಬ್ಬರೂ ದೇವದಾರು ಮರದ ತುದಿಯಲ್ಲಿದ್ದರು. ತಗಡಿನ ಮಾಡಿನ ಮೇಲೆ, ಹೊಗೆಗೂಡಿನ ಪಕ್ಕ, ದೊಡ್ಡ ನಕ್ಷತ್ರ ನಿಲ್ಲಿಸುವುದೊಂದು ಬಾಕಿ. ಹತ್ತುವವರು ಯಾರೂ ಇಲ್ಲ. ಗದಿಗೆಪ್ಪ ಮನಸ್ಸಿಲ್ಲದ ಮನಸ್ಸಿನಿಂದ ಮುದುಕಪ್ಪನನ್ನು ಹತ್ತಿಸಿದ. ಹುಡುಗ ಮಂಗನ ಹಾಗೆ ಸರಸರ ಏರಿದ. ಬಿಗಿಯುವಾಗ ಕಟ್ಟುವ ತಂತಿ ಮುಗಿಯಿತು. "ಹಂಗ ಹಿಡಕೊಂಡಿರು, ತಂತಿ ತರ್ತೀನಿ," ಅಂತ ಮಾಮ ಕುಂಟುತ್ತ ಒಳಗೆ ಹೋದ.

ಅಷ್ಟರಲ್ಲಿ ಕಾರುಗಳು ಬಂದವು. ಸುಬೇದಾರರು ಅವಸರ ಮಾಡಿದರು. ಗದಿಗೆಪ್ಪ ತಂತಿ ಮರೆತು ಸ್ವಿಚ್ ಒತ್ತಿದ. ಮಾಡು, ಗೋಡೆ, ಮರ, ಬೇಲಿ ಎಲ್ಲ ಒಮ್ಮೆಗೇ ಹತ್ತಿಕೊಂಡು, ಬಿದ್ದ ಹಿಮವೂ ಕೆಂಪು ಹಸಿರಾಯಿತು. ತುದಿಯಲ್ಲಿ ನಕ್ಷತ್ರ. ಮಂದಿ ಬಾಯಿ ತೆರೆದು ನೋಡಿದರು. ಸುಬೇದಾರರು ಕಣ್ಣೊರೆಸಿಕೊಂಡು, ಊರಿಗೆ ಹೋಗಿ ಬಂದ ಹಾಗಾಯಿತು ಅಂತ ಗದಿಗೆಪ್ಪನ ಕೈ ಹಿಡಿದರು. ಎಲ್ಲರೂ ಚಹಾಕ್ಕೆ ಒಳಗೆ ಹೋದರು.

ಹೊನ್ನವ್ವ ಬಿಸಿ ಬಿಸಿ ಮಿರ್ಚಿ ಭಜಿ ಕರಿದು ಕೊಟ್ಟಳು. ಒಂದು ಸುತ್ತು ತೆಗೆದಳು, ಎರಡು ಸುತ್ತು ತೆಗೆದಳು. ಮಗ ಬರಲಿಲ್ಲ. ಭಜಿಯ ವಾಸನೆಗೆ ಬಾರದವನಲ್ಲ ಅವನು. ಸೆರಗು ಬಿಗಿದು ಹೊರಗೆ ಓಡಿ ಬಂದು ಮೇಲೆ ನೋಡಿದಳು. ನಕ್ಷತ್ರದ ಕೆಳಗೆ, ತಲೆ ಮೇಲೆ, ಹೆಗಲ ಮೇಲೆ ಹಿಮ ಹೊತ್ತು ಮುದುಕಪ್ಪ ನಿಂತಿದ್ದ. ಒಂದು ಕೈಯಲ್ಲಿ ನಕ್ಷತ್ರದ ಸರಳು, ಇನ್ನೊಂದು ಕೈಯಲ್ಲಿ ಹೊಗೆಗೂಡು.

"ಬಿಡೋ ನನ್ನಪ್ಪಾ," ಅಂತ ಕೂಗಿದಳು. "ಬಿಡು, ಸಾಕು!"

ಯಾವ ಕೈ ಅಂತ ಅವಳು ಹೇಳಲಿಲ್ಲ. ಮುದುಕಪ್ಪ ಎರಡೂ ಬಿಟ್ಟ.

ತಗಡಿನ ಮೇಲೆ ಝರ್ರನೆ ಜಾರಿ ಬಂದ. ಹಿಂದೆಯೇ ನಕ್ಷತ್ರ. ಕಾಲಿಗೆ ಒಂದು ಸರ ತೊಡರಿತು, ಅದು ಇನ್ನೊಂದನ್ನು ಎಳೆಯಿತು, ಮಾಡಿನ ದೀಪವೆಲ್ಲ ಕಿತ್ತುಕೊಂಡು ಅವನ ಮೈಗೆ ಸುತ್ತಿಕೊಂಡು ಬಂತು. ಹಿಮದ ರಾಶಿಯಲ್ಲಿ ಧೊಪ್ಪನೆ ಬಿದ್ದ. ಮಾಡು ಕತ್ತಲಾಯಿತು, ಮುದುಕಪ್ಪ ಮಿಣಮಿಣ ಬೆಳಗತೊಡಗಿದ. ಸದ್ದಿಗೆ ಹೊರಗೆ ಬಂದ ಅತಿಥಿಗಳು ಇದೂ ಒಂದು ಆಟವೆಂದುಕೊಂಡು ಚಪ್ಪಾಳೆ ತಟ್ಟಿದರು.

ಗದಿಗೆಪ್ಪ ಕುಂಟುತ್ತ ಬಂದ. ಹೊನ್ನವ್ವ ಮಗನಿಗೆ ಅಡ್ಡ ನಿಂತಳು. ಅವನು ಅಕ್ಕನನ್ನು ಪಕ್ಕಕ್ಕೆ ಸರಿಸಿ, ಬಗ್ಗಿ, ಅಳಿಯನ ಕೈ ಹಿಡಿದು ನೋಡಿದ. ಬೆರಳುಗಳು ಸರಳು ಹಿಡಿದ ಹಾಗೇ ಮಡಚಿ ಮರಗಟ್ಟಿದ್ದವು. ಬಿಡಿಸಿದರೂ ಬಿಡಿಸಿಕೊಳ್ಳಲಿಲ್ಲ. ತಾನು ತರುತ್ತೇನೆಂದ ತಂತಿ ಆಗ ಅವನ ನೆನಪಿಗೆ ಬಂತು.

"ಇಷ್ಟೊತ್ತು ಹಿಡಕೊಂಡೇ ಇದ್ದೇನೋ?" ಅಂದ ಸಣ್ಣ ದನಿಯಲ್ಲಿ.

"ನೀವು ಬಿಡು ಅನ್ನಲಿಲ್ಲಲ್ಲ ಮಾಮಾ."

ಗದಿಗೆಪ್ಪ ತನ್ನ ಮಫ್ಲರ್ ತೆಗೆದು ಆ ಕೈಗಳಿಗೆ ಸುತ್ತಿದ. ಒಲೆಯ ಹತ್ತಿರ ಕೂರಿಸಿ ತಾನೇ ಭಜಿ ತಿನ್ನಿಸಿದ. ಬಸ್ಸಿನ ಮಾತೆತ್ತಲಿಲ್ಲ. ಕೊನೆಗೆ, "ನಾಳೆಯಿಂದ ನನ್ನ ಬೆನ್ನ ಹಿಂದ ಇರು, ಅತ್ತಿತ್ತ ಸರೀಬ್ಯಾಡ," ಅಂದ. ಹೊನ್ನವ್ವ ಒಲೆಯ ಕಡೆ ಮುಖ ತಿರುಗಿಸಿಕೊಂಡಳು, ಹೊಗೆ ಅಂದಳು.

ಮರುದಿನ ದೀಪಗಳನ್ನೆಲ್ಲ ಮತ್ತೆ ಕಟ್ಟಿದರು. ಸಂಜೆ ಸುಬೇದಾರರು ಎಲ್ಲರನ್ನೂ ಮನೆಯ ಮುಂದೆ ನಿಲ್ಲಿಸಿ ಫೋಟೊ ತೆಗೆಸಿದರು. ಆಮೇಲೆ ಅದಕ್ಕೆ ಕಟ್ಟು ಹಾಕಿಸಿ ಊರಿಗೆ ಕಳಿಸಿಕೊಟ್ಟರು. ಹೊನ್ನವ್ವ ಅದನ್ನು ಬಾಗಿಲ ಎದುರಿಗೇ ತೂಗುಹಾಕಿದ್ದಾಳೆ. ಫೋಟೊದಲ್ಲಿ ಸುಬೇದಾರರಿದ್ದಾರೆ, ಮುನ್ನಿ ಇದ್ದಾಳೆ, ಆಳುಗಳಿಬ್ಬರಿದ್ದಾರೆ, ಶಾಲು ಹೊದ್ದ ಹೊನ್ನವ್ವ ಇದ್ದಾಳೆ, ನಡುವೆ ಜೋಳದ ಚೀಲದಂಥ ಮೈಯ ಗದಿಗೆಪ್ಪ ಇದ್ದಾನೆ. ಮುದುಕಪ್ಪ ಮಾತ್ರ ಇಲ್ಲ.

ಬಂದವರು ನಿನ್ನ ಮಗ ಎಲ್ಲಿ ಅಂತ ಕೇಳುತ್ತಾರೆ. ಹೊನ್ನವ್ವ ತಮ್ಮನ ಹೊಟ್ಟೆಯ ಮೇಲೆ ಬೆರಳಿಟ್ಟು ತೋರಿಸುತ್ತಾಳೆ.

"ಇಲ್ಲೇ ಅದಾನ ನೋಡ್ರಿ, ಹಿಂದ. ಅವರ ಮಾಮ ಸರೀಬ್ಯಾಡ ಅಂದಿದ್ದ."