ಗೂಡಿನಲ್ಲಿಟ್ಟ ಉಳಿಗಳು

“ಗುರುಗಳೇ, ತಾಯಿ ತೀರಿಕೊಂಡ ಸುದ್ದಿ ಬಂದಾಗಲೂ ನನ್ನ ಕಣ್ಣು ಒದ್ದೆಯಾಗಲಿಲ್ಲ. ಮನಸ್ಸು ಅಷ್ಟು ಗಟ್ಟಿಯಾಗಿದೆ. ನನ್ನ ಸಾಧನೆಯಲ್ಲಿ ಇನ್ನೇನು ಬಾಕಿ?” ಎಂದು ಶಿಷ್ಯ ರಾಚಯ್ಯ ಕೇಳಿದ.

ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡರು. ಆಮೇಲೆ ಈ ಕತೆ ಹೇಳಿದರು.

ಒಬ್ಬ ಕಮ್ಮಾರನಿದ್ದ. ಕಲ್ಲು ಕೆತ್ತುವ ಉಳಿ ಮಾಡುವುದರಲ್ಲಿ ಸುತ್ತಲ ಊರುಗಳಲ್ಲಿ ಅವನನ್ನು ಬಿಟ್ಟರೆ ಇನ್ನೊಬ್ಬರಿಲ್ಲ. ಉಕ್ಕನ್ನು ಕೆಂಪಗೆ ಕಾಯಿಸಿ, ಬಡಿದು, ತುದಿ ತೆಗೆದು, ಮತ್ತೆ ಕಾಯಿಸಿ ನೀರಿನಲ್ಲಿ ಅದ್ದುತ್ತಿದ್ದ. ಉಕ್ಕು ಗಡಸಾಗುವುದು ಆ ನೀರಿನಲ್ಲೇ. ಆದರೆ ಕೆಲಸ ಅಲ್ಲಿಗೆ ಮುಗಿಯುವುದಿಲ್ಲ. ಉಳಿಯನ್ನು ಉಜ್ಜಿ ಬೆಳ್ಳಗೆ ಮಾಡಿ, ಸಣ್ಣ ಕೆಂಡಕ್ಕೆ ಇನ್ನೊಮ್ಮೆ ಹಿಡಿಯಬೇಕು. ತುದಿಗೆ ಒಣಹುಲ್ಲಿನ ಬಣ್ಣ ಬಂದಾಗ ತೆಗೆಯಬೇಕು. ಗಡಸು ತುಸು ಇಳಿಯುತ್ತದೆ, ಉಳಿ ಬಾಳುತ್ತದೆ. “ನೀರಿನ ಏಟು ಉಕ್ಕಿನ ಒಳಗೇ ಉಳಿದಿರುತ್ತೆ, ಅದನ್ನ ಸಮಾಧಾನ ಮಾಡಬೇಕಪ್ಪಾ” ಎಂದು ಅವನ ಅಪ್ಪ ಹೇಳಿಕೊಟ್ಟಿದ್ದ.

ಒಂದು ದಿನ ಒಬ್ಬ ಶಿಲ್ಪಿ ಬಂದ. ಅವನು ಕೆತ್ತಿದ ದೇವಿಯ ವಿಗ್ರಹಕ್ಕೆ ಕಣ್ಣು ತೆರೆಸುವುದೊಂದು ಉಳಿದಿತ್ತು. ಅದಕ್ಕೆ ಹೊಸ ಉಳಿಯೇ ಆಗಬೇಕೆಂಬುದು ಶಿಲ್ಪಿಗಳ ಸಂಪ್ರದಾಯ.

“ಕಲ್ಲು ಬಹಳ ಗಡಸು. ಇದುವರೆಗೆ ನಿನ್ನ ಕೈಯಲ್ಲಿ ಆಗದಷ್ಟು ಗಟ್ಟಿ ಉಳಿ ಬೇಕು” ಎಂದ.

ಮಾತು ಕಮ್ಮಾರನಿಗೆ ನಾಟಿತು. ನಾಲ್ಕು ಉಳಿ ಮಾಡಿ ನೀರಿಗೆ ಅದ್ದಿದ. ಗಡಸು ಪರೀಕ್ಷಿಸಲು ಅರ ಹಾಕಿ ಉಜ್ಜಿದರೆ ಅರವೇ ಜಾರಿತು, ಉಳಿಯ ಮೇಲೆ ಗೀರೂ ಬೀಳಲಿಲ್ಲ. ಇಂಥ ಗಡಸನ್ನು ಕೈಯಾರೆ ಇಳಿಸುವುದೇ? ಅವನಿಗೆ ಮನಸ್ಸು ಬರಲಿಲ್ಲ. ಕೆಂಡಕ್ಕೆ ಹಿಡಿಯದೆ ಬಟ್ಟೆಯಲ್ಲಿ ಗಂಟು ಕಟ್ಟಿ ಗೋಡೆಯ ಗೂಡಿನಲ್ಲಿಟ್ಟ.

ಮರುದಿನ ಮಧ್ಯಾಹ್ನ ಅವನು ಊಟಕ್ಕೆ ಕುಳಿತಿದ್ದಾಗ ಗೂಡಿನಿಂದ ‘ಟಿಣ್’ ಎಂದು ಸದ್ದು ಬಂತು. ಎದ್ದು ನೋಡಿದ. ಗಂಟು ಕಟ್ಟಿದ ಹಾಗೆಯೇ ಇತ್ತು. ಬಿಚ್ಚಿದರೆ ಒಂದು ಉಳಿ ಎರಡಾಗಿತ್ತು.

“ಯಾರೇ ಮುಟ್ಟಿದ್ದು?” ಎಂದು ಹೆಂಡತಿಯನ್ನು ಗದರಿದ.

“ನೀವೇ ಎದುರಿಗೆ ಕೂತಿದ್ದೀರಲ್ಲ. ಯಾರು ಬಂದಾರು?” ಎಂದಳು ಅವಳು.

ಹೊತ್ತು ಇಳಿಯುವುದರೊಳಗೆ ಇನ್ನೊಂದು ಸದ್ದು. ಎರಡನೆಯದೂ ಹೋಯಿತು. ಕಮ್ಮಾರ ಉಳಿದ ಎರಡನ್ನು ನೆಲದ ಮೇಲಿಟ್ಟು, ಬಾಗಿಲು ಹಾಕಿ, ರೆಪ್ಪೆ ಬಡಿಯದೆ ನೋಡುತ್ತ ಕುಳಿತ. ಗಾಳಿಯಿಲ್ಲ, ಬೆಂಕಿಯಿಲ್ಲ, ಮುಟ್ಟುವ ಕೈಯಿಲ್ಲ. ಅವನು ನೋಡುತ್ತಿದ್ದಂತೆಯೇ ಮೂರನೆಯದು ಮೈಯುದ್ದಕ್ಕೂ ಬಿರಿಯಿತು.

ನಾಲ್ಕನೆಯದು ಮಾತ್ರ ಬೆಳಗಾದರೂ ಇದ್ದ ಹಾಗೆಯೇ ಇತ್ತು. ಆಗಲಾದರೂ ಅದನ್ನು ಕೆಂಡಕ್ಕೆ ಹಿಡಿಯಬಹುದಿತ್ತು. ಪುಣ್ಯಾತ್ಮನ ಬುದ್ಧಿಗೆ ಮಂಕು ಕವಿದಿತ್ತು. ಇಷ್ಟಾದರೂ ಉಳಿದುಕೊಂಡಿದೆಯಲ್ಲ, ಇದೇ ನಿಜವಾದ ಗಟ್ಟಿ ಉಕ್ಕು ಎಂದುಕೊಂಡ. ಅದನ್ನೇ ಒಯ್ದು ಶಿಲ್ಪಿಯ ಕೈಗೆ ಕೊಟ್ಟು, ಪಕ್ಕದಲ್ಲಿ ನಿಂತ.

ದೇವಿಯ ಬಲಗಣ್ಣು ತೆರೆಯಿತು. ಎಡಗಣ್ಣಿಗೆ ಉಳಿಯಿಟ್ಟು ಶಿಲ್ಪಿ ಮೊದಲ ಪೆಟ್ಟು ಹಾಕಿದ. ಅದೇ ಸದ್ದು ಕೇಳಿಸಿತು. ಉಳಿಯ ಚೂರು ಹಾರಿ ಶಿಲ್ಪಿಯ ಎಡಗಣ್ಣಿಗೆ ಹೊಕ್ಕಿತ್ತು. ವಿಗ್ರಹವೂ ಶಿಲ್ಪಿಯೂ ಒಂದೊಂದೇ ಕಣ್ಣಿನಿಂದ ಕಮ್ಮಾರನನ್ನು ನೋಡುತ್ತಿದ್ದರು. ಅವನು ಮತ್ತೆ ಸುತ್ತಿಗೆ ಹಿಡಿಯಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

“ಗುರುಗಳೇ, ಅದು ಉಕ್ಕಿನ ಮಾತಾಯಿತು. ನಾನು ಕೇಳಿದ್ದು ನನ್ನ ಮನಸ್ಸಿನ ವಿಷಯ” ಎಂದ ರಾಚಯ್ಯ.

ಗುರುಗಳು ಹೇಳಿದರು: “ನಿನ್ನೆ ಮಧ್ಯಾಹ್ನ ನೀನೊಬ್ಬನೇ ಜಪಕ್ಕೆ ಕುಳಿತಿದ್ದಾಗ, ನಿನ್ನ ಕೋಣೆಯಿಂದ ಆ ಸದ್ದು ನನಗೆ ಕೇಳಿಸಿತು.”