ಆಲದ ಮರದ ನೋಟೀಸು

ಮನುಷ್ಯರು ಮರಗಳಿಗೆ ಅಂಟಿಸುವ ಇಂಗ್ಲಿಷ್ ನೋಟೀಸುಗಳನ್ನು ಓದಲು ಹಕ್ಕಿಗಳಿಗೊಬ್ಬ ಗುಮಾಸ್ತ ಬೇಕಾಗಿದ್ದ. ನವಿಲು ಆಲದ ಕೊಂಬೆಯ ಮೇಲೆ ಕೂತು ಸಂದರ್ಶನ ನಡೆಸಿತು. ಅದೇ ಮರಕ್ಕೆ ಬೆಳಿಗ್ಗೆ ಅಂಟಿಸಿದ್ದ ನೋಟೀಸೇ ಪ್ರಶ್ನೆಪತ್ರಿಕೆ.

ಗಿಣಿ ಎಲ್ಲೂ ತಡವರಿಸದೆ ಓದಿ ಮುಗಿಸಿತು. ನವಿಲು ತಲೆದೂಗಿತು.

ಕಾಗೆ ಅಕ್ಷರ ಕೂಡಿಸಿಕೊಂಡು ಓದುತ್ತಾ ಅರ್ಧಕ್ಕೇ ನಿಂತಿತು. "ಸ್ವಾಮಿ, ಈ ಮರವನ್ನು ಇವತ್ತೇ ಕಡಿಯುತ್ತಾರಂತೆ!"

"ಅರ್ಥ ಯಾರು ಕೇಳಿದರು? ಪೂರ್ತಿ ಓದು."

ಕಾಗೆ ಹಾರಿಹೋಯಿತು. 'ಓದು ಅರ್ಧಂಬರ್ಧ, ಶಿಸ್ತು ಇಲ್ಲವೇ ಇಲ್ಲ' ಎಂದು ಷರಾ ಬರೆದ ನವಿಲು ಗಿಣಿಗೆ ಕೆಲಸ ಕೊಟ್ಟು, "ಇನ್ನೊಮ್ಮೆ ಓದಪ್ಪ, ಕಿವಿಗೆ ಹಿತವಾಗಿದೆ" ಎಂದಿತು.

ಗಿಣಿ ಓದತೊಡಗಿತು. ಮರದ ಬುಡದಲ್ಲಿ ಗರಗಸ ಕೊರೆಯತೊಡಗಿತು.

"ಯಾರದು ಕೆಳಗೆ?" ನವಿಲು ಗದರಿತು. "ನೋಟೀಸು ಓದುತ್ತಿದ್ದೇವೆ, ಸದ್ದು ಮಾಡಬೇಡಿ!"